ರಕ್ತಕ್ಕೇರುವ ನಂಜು: ಸೊಲ್ಲಾಪುರದ ಒಂದು ನೆನಪು

ಅಕ್ಕಲಕೋಟೆ ಕಡೆಯ ನಾವು ಸೊಲ್ಲಾಪುರಕ್ಕೆ ಹೋದಾಗ ಡಾ. ದ್ವಾರಕಾನಾಥ ಕೋಟ್ನೀಸರನ್ನು ನೆನೆಯುತ್ತೇವೆ. 1910ರಲ್ಲಿ ಅಲ್ಲಿ ಹುಟ್ಟಿದ ಅವರು 1938ರಲ್ಲಿ ಚೀನಾಕ್ಕೆ ಹೋದರು. 1941ರಲ್ಲಿ ಅವರು ಮುಖ್ಯಸ್ಥರಾದ ಆಸ್ಪತ್ರೆಗೆ ಡಾ. ನಾರ್ಮನ್ ಬೆಥೂನರ ಹೆಸರಿತ್ತು. ಬೆಥೂನರು ಶಸ್ತ್ರಕ್ರಿಯೆ ಮಾಡುವಾಗ ಬೆರಳು ಕೊಯ್ದುಕೊಂಡು, ರಕ್ತಕ್ಕೆ ನಂಜೇರಿ 1939ರಲ್ಲಿ ತೀರಿಕೊಂಡಿದ್ದರು. ಆಗ ಪೆನಿಸಿಲಿನ್ ಬಳಕೆಗೆ ಬಂದಿರಲಿಲ್ಲ.

ಇಂದು ಔಷಧಿಗಳಿವೆ; ಆದರೂ ನಂಜು ಏರುವ ದಾರಿ ಮುಚ್ಚಿಲ್ಲ. ಡಯಾಲಿಸಿಸ್‌ಗಾಗಿ ಕುತ್ತಿಗೆಗೆ ಹಾಕುವ ಕ್ಯಾಥೆಟರ್ ನಳಿಕೆ ನೇರವಾಗಿ ದೊಡ್ಡ ರಕ್ತನಾಳಕ್ಕೆ ಇಳಿಯುತ್ತದೆ. ಚರ್ಮದ ಮೇಲಿನ ರೋಗಾಣುವೂ ಅದೇ ದಾರಿಯಲ್ಲಿ ಇಳಿಯಬಹುದು. 1966ರಲ್ಲಿ ನ್ಯೂಯಾರ್ಕಿನ ವೈದ್ಯರು ಪ್ರಕಟಿಸಿದ, ಕೈಯ ಎರಡು ರಕ್ತನಾಳ ಜೋಡಿಸುವ ಫಿಸ್ಟುಲಾದಲ್ಲಿ ಈ ಅಪಾಯ ಕಡಿಮೆ.

ಮಕ್ಕಳೇ, ಮನೆಯಲ್ಲಿ ಯಾರಿಗಾದರೂ ಇಂಥ ನಳಿಕೆ ಇದ್ದರೆ ಅದರ ಪಟ್ಟಿ ಒದ್ದೆಯಾಗದಂತೆ ನೋಡಿಕೊಳ್ಳಿ. ನಡುಕ, ಜ್ವರ ಬಂದರೆ ನಾಳೆಯವರೆಗೆ ಕಾಯದೆ ಆಸ್ಪತ್ರೆಗೆ ಹೋಗಲು ಹೇಳಿ.