ಪದವಿಯ ಕಾಗದ

ನನ್ನ ಬಿ.ಎ. ಪದವಿಪತ್ರ ಮನೆಗೆ ಬಂದದ್ದು ರಿಜಿಸ್ಟರ್ಡ್ ಅಂಚೆಯಲ್ಲಿ. ಘಟಿಕೋತ್ಸವದ ದಿನ ನಾನು ಅತ್ತೆಯ ಮನೆಯಲ್ಲಿ ನಾದಿನಿಯ ಸೀಮಂತಕ್ಕೆಂದು ಚಕ್ಕುಲಿ ಒತ್ತುತ್ತಿದ್ದೆ. "ಕಾಗದ ಹೇಗೂ ಮನೆಗೇ ಬರುತ್ತಲ್ಲ, ಅಷ್ಟು ದೂರ ಯಾಕಮ್ಮ ಹೋಗೋದು?" ಎಂದಿದ್ದರು ಅತ್ತೆ. ಆಗ ನನಗೂ ಅದು ಸರಿಯೆಂದೇ ಕಂಡಿತ್ತು. ಕಪ್ಪು ಗೌನು ತೊಟ್ಟ ಒಂದು ಫೋಟೋ ಇರಬೇಕಿತ್ತು ಎಂದು ಮನಸ್ಸು ಚುಚ್ಚಿದ್ದು ಎಷ್ಟೋ ವರ್ಷಗಳ ಮೇಲೆ, ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜಿನ ಚರಿತ್ರೆ ಓದಿದಾಗ.

ಶತಮಾನಗಳಿಂದ ಗಂಡಸರದೇ ಆಗಿದ್ದ ಆ ವಿಶ್ವವಿದ್ಯಾನಿಲಯದ ಊರಿನಲ್ಲಿ 1879ರ ಅಕ್ಟೋಬರಿನಲ್ಲಿ ಹನ್ನೆರಡು ಹುಡುಗಿಯರಿಂದ ಶುರುವಾದ ಕಾಲೇಜು ಅದು. ಯಾವ ಪಂಥದವರಾದರೂ ಸೇರಬಹುದಿತ್ತು. ಹೆಸರು ಇಟ್ಟುಕೊಂಡದ್ದು ಸ್ಕಾಟ್ಲೆಂಡಿನ ಗಣಿತಜ್ಞೆ ಮೇರಿ ಸಾಮರ್‌ವಿಲ್ ಅವರದು. ಈ ಮೇರಿ ಹುಡುಗಿಯಾಗಿದ್ದಾಗ ರಾತ್ರಿ ಕೂತು ರೇಖಾಗಣಿತ ಓದುತ್ತಾಳೆಂದು ಮನೆಯವರಿಗೆ ಗಾಬರಿಯಾಗಿ, ಅವಳು ಮಲಗಿದ ಕೂಡಲೇ ಮೇಣದಬತ್ತಿ ಎತ್ತಿಕೊಂಡು ಬರಬೇಕೆಂದು ಆಳುಗಳಿಗೆ ಹೇಳಿದ್ದರಂತೆ. ಅವಳು ಕತ್ತಲಲ್ಲೇ ಲೆಕ್ಕಗಳನ್ನು ಮನಸ್ಸಿನಲ್ಲಿ ಬಿಡಿಸಿದಳು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೀಗೆ ದೀಪ ಆರಿಸಿರಲಿಕ್ಕಿಲ್ಲ!

ಮೊದಮೊದಲು ಈ ಹುಡುಗಿಯರು ಉಪನ್ಯಾಸ ಕೇಳಲು ಹೋಗುವಾಗ ಜೊತೆಗೆ ಒಬ್ಬ ಹಿರಿಯ ಹೆಂಗಸು ಕಾವಲಿಗೆ ಹೋಗಬೇಕಿತ್ತು. ಅಲ್ಲಿ ಪಾಠ ನಡೆಯುತ್ತಿದ್ದರೆ ಆಕೆ ಉಲ್ಲನ್ ಹೆಣೆಯುತ್ತ ಕೂತಿರುತ್ತಿದ್ದಳು. ಅದನ್ನಾದರೂ ಸಹಿಸಬಹುದು. ಪರೀಕ್ಷೆ ಬರೆದು, ಗಂಡಸರಷ್ಟೇ ಚೆನ್ನಾಗಿ ಪಾಸು ಮಾಡಿದರೂ ಪದವಿ ಮಾತ್ರ ಇಲ್ಲ ಎಂದರೆ?

1889ರಲ್ಲಿ ನಮ್ಮ ದೇಶದಿಂದ ಅಲ್ಲಿಗೆ ಹೋದವರು ಕಾರ್ನೀಲಿಯಾ ಸೊರಾಬ್ಜಿ. ನಾಸಿಕದಲ್ಲಿ ಹುಟ್ಟಿದವರು, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿದವರು. ಇಂಗ್ಲೆಂಡಿಗೆ ಹೋಗಲು ಸಿಗಬೇಕಿದ್ದ ಸರಕಾರಿ ವಿದ್ಯಾರ್ಥಿವೇತನ ಹೆಣ್ಣೆಂಬ ಕಾರಣಕ್ಕೆ ತಪ್ಪಿತು. ಅಲ್ಲಿನ ಕೆಲವರು ಚಂದಾ ಎತ್ತಿ ಕರೆಸಿಕೊಂಡರು. ಕೊಟ್ಟವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಒಬ್ಬರು. 1892ರಲ್ಲಿ ವಿಶೇಷ ಅಪ್ಪಣೆ ಪಡೆದು ಕಾನೂನಿನ ಬಿ.ಸಿ.ಎಲ್. ಪರೀಕ್ಷೆ ಬರೆದರು. ಅದನ್ನು ಬರೆದ ಮೊದಲ ಹೆಂಗಸು ಅವರೇ. ಬರಿಗೈಯಲ್ಲಿ ಹಿಂದಿರುಗಿದರು. ಮುಂದೆ 1904ರಿಂದ, ಗೋಷಾದಲ್ಲಿದ್ದ ಜಮೀನ್ದಾರಿ ಮನೆತನದ ಹೆಣ್ಣುಮಕ್ಕಳ ಆಸ್ತಿಪಾಸ್ತಿಯ ವ್ಯಾಜ್ಯಗಳಲ್ಲಿ ಸರಕಾರದ ಸಲಹೆಗಾರ್ತಿಯಾಗಿ ಬಂಗಾಳದಲ್ಲಿ ದುಡಿದರು. ಅಂತಃಪುರದೊಳಕ್ಕೆ ಗಂಡಸು ವಕೀಲ ಹೇಗೆ ಹೋದಾನು?

ಮೊದಲ ಮಹಾಯುದ್ಧ ಬಂದಾಗ ಸಾಮರ್‌ವಿಲ್ ಸೈನಿಕರ ಆಸ್ಪತ್ರೆಯಾಯಿತು. ಹುಡುಗಿಯರನ್ನು ಓರಿಯಲ್ ಎಂಬ ಗಂಡುಮಕ್ಕಳ ಕಾಲೇಜಿನ ಒಂದು ಭಾಗಕ್ಕೆ ಕಳಿಸಿ, ನಡುವೆ ಗೋಡೆ ಕಟ್ಟಿಸಿದರು. 1919ರಲ್ಲಿ ಆಚೆಯ ತುಂಟರು ಗುದ್ದಲಿಯಿಂದ ಗೋಡೆಗೆ ಕಿಂಡಿ ಕೊರೆದೇಬಿಟ್ಟರು! ಪ್ರಿನ್ಸಿಪಾಲ್ ಎಮಿಲಿ ಪೆನ್ರೋಸ್ ಮತ್ತು ಅಧ್ಯಾಪಕಿಯರು ರಾತ್ರಿಯೆಲ್ಲ ಸರದಿಯ ಮೇಲೆ ಆ ಕಿಂಡಿ ಕಾದರು. ಪ್ರವಾಸಕ್ಕೆ ಹುಡುಗಿಯರನ್ನು ಕರೆದೊಯ್ದ ಯಾವ ಟೀಚರಿಗಾದರೂ ಆ ರಾತ್ರಿ ಅರ್ಥವಾಗುತ್ತದೆ.

ಕೊನೆಗೆ 1920ರ ಅಕ್ಟೋಬರ್ 14ರಂದು ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಟ್ಟಿತು. ಹಿಂದೆ ತಾನೂ ಅಲ್ಲೇ ಓದಿ ಪಾಸಾಗಿದ್ದ ಪೆನ್ರೋಸ್ ಅಂದು ತಮ್ಮ ಪದವಿ ಪಡೆದರು. ಅದೇ ದಿನ ಪಡೆದ ಹಳೆಯ ವಿದ್ಯಾರ್ಥಿನಿಯರಲ್ಲಿ ಪತ್ತೇದಾರಿ ಕಾದಂಬರಿಗಳ ಡೊರೊತಿ ಸೇಯರ್ಸ್ ಒಬ್ಬರು. ಸೊರಾಬ್ಜಿಯವರ ಸರದಿ ಬಂದದ್ದು 1922ರಲ್ಲಿ, ಪರೀಕ್ಷೆ ಬರೆದು ಮೂವತ್ತು ವರ್ಷವಾದ ಮೇಲೆ. ಆಗ ಅವರಿಗೆ ಹೆಚ್ಚುಕಡಿಮೆ ನನ್ನ ಈಗಿನ ವಯಸ್ಸು. ಕೇಂಬ್ರಿಜ್ ಅಂತೂ 1948ರವರೆಗೂ ಕಾಯಿಸಿತು.

ಆಮೇಲಿನದು ಹೆಸರುವಾಸಿಯಾದ ಕಥೆ. 1964ರಲ್ಲಿ ನೊಬೆಲ್ ಪಡೆದ ಡೊರೊತಿ ಹಾಡ್ಜ್‌ಕಿನ್, ಅವರ ಬಳಿ ರಸಾಯನಶಾಸ್ತ್ರ ಕಲಿತ ಮಾರ್ಗರೆಟ್ ಥ್ಯಾಚರ್ ಇಬ್ಬರೂ ಸಾಮರ್‌ವಿಲ್‌ನವರೇ. 1978ರಲ್ಲಿ ನಮ್ಮ ಚಿಕ್ಕಮಗಳೂರಿನಿಂದ ಗೆದ್ದ ಇಂದಿರಾ ಗಾಂಧಿಯವರೂ 1937ರಲ್ಲಿ ಅಲ್ಲಿ ಸೇರಿ, ಕಾಯಿಲೆ ಬಿದ್ದು, ಪದವಿ ಇಲ್ಲದೆ ಬಂದವರು. ಹುಡುಗಿಯರು ಪ್ರತಿಭಟಿಸಿದರೂ 1994ರಲ್ಲಿ ಹುಡುಗರಿಗೂ ಬಾಗಿಲು ತೆರೆಯಿತು. ನನಗೇಕೋ ಅದು ಅಷ್ಟು ಹಿಡಿಸಲಿಲ್ಲ.

ಮೊನ್ನೆ ಒಂಬತ್ತನೇ ತರಗತಿಯಲ್ಲಿ ಇದನ್ನೆಲ್ಲ ಹೇಳಿ, ನನ್ನ ಪದವಿಪತ್ರವನ್ನೂ ತೋರಿಸಿದೆ. ಮಡಿಕೆಯ ಗೆರೆಗಳಲ್ಲಿ ಸೀಳುಬಿಟ್ಟಿದೆ. "ಟೀಚರ್, ಗೌನ್ ಹಾಕ್ಕೊಂಡ ಫೋಟೋ?" ಎಂದಳು ಒಬ್ಬಳು.

"ಇಲ್ಲ ಕಣೇ, ಆವತ್ತು ಚಕ್ಕುಲಿ ಒತ್ತುತ್ತಿದ್ದೆ" ಎಂದೆ. ಎಲ್ಲರೂ ನಕ್ಕರು. ಕೇಳಿದವಳು ಮಾತ್ರ ನಗಲಿಲ್ಲ.