ಸೋವಿಯತ್ ಸೈಕಲ್ ಫ್ರೇಮುಗಳು: ಉಕ್ಕಿನಲ್ಲಿ ಉಳಿದ ಇತಿಹಾಸ

ಹಳೆಯ ಸೈಕಲ್ಲೊಂದರಲ್ಲಿ ಕೊನೆಯವರೆಗೆ ಉಳಿಯುವ ಭಾಗ ಯಾವುದು? ಟೈರು, ಟ್ಯೂಬುಗಳು ಕೆಲವೇ ವರ್ಷಗಳಲ್ಲಿ ಸವೆಯುತ್ತವೆ. ಚೈನು ಜೋಲುತ್ತದೆ, ಬ್ರೇಕಿನ ರಬ್ಬರು ತೇಯುತ್ತದೆ, ಸೀಟು ಹರಿಯುತ್ತದೆ. ಹೀಗೆ ಒಂದೊಂದಾಗಿ ಎಲ್ಲ ಬಿಡಿಭಾಗಗಳೂ ಬದಲಾಗುತ್ತವೆ. ಫ್ರೇಮು ಮಾತ್ರ ಕಾರ್ಖಾನೆಯಿಂದ ಹೊರಬಂದಾಗ ಇದ್ದದ್ದೇ ಆಗಿರುತ್ತದೆ. ಸೈಕಲ್ಲಿನ ವಯಸ್ಸನ್ನೂ ಅದನ್ನು ತಯಾರಿಸಿದವರ ತಂತ್ರಜ್ಞಾನವನ್ನೂ ತಿಳಿಯಬೇಕಾದರೆ ಫ್ರೇಮನ್ನೇ ಕೇಳಬೇಕು.

ಸೋವಿಯತ್ ಒಕ್ಕೂಟ 1991ರ ಡಿಸೆಂಬರಿನಲ್ಲಿ ವಿಸರ್ಜನೆಗೊಂಡಿತು. ಆದರೆ ಅಲ್ಲಿ ತಯಾರಾದ ಸೈಕಲ್ ಫ್ರೇಮುಗಳು ಉಕ್ರೇನ್, ರಷ್ಯಾ, ಬೆಲರೂಸ್ ಹಾಗೂ ಬಾಲ್ಟಿಕ್ ದೇಶಗಳ ಗ್ಯಾರೇಜುಗಳಲ್ಲಿ, ಮನೆಗಳ ಅಟ್ಟಗಳಲ್ಲಿ, ಗುಜರಿ ರಾಶಿಗಳಲ್ಲಿ ಇಂದಿಗೂ ಸಿಗುತ್ತವೆ. ಇವುಗಳನ್ನು ಹುಡುಕಿ, ದುರಸ್ತಿ ಮಾಡಿ ಕಾಪಿಡುವ ಹವ್ಯಾಸಿಗಳಿದ್ದಾರೆ. ಅವರೆಲ್ಲರ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ: ಹಳೆಯ ಫ್ರೇಮಿಗೆ ಹೊಸ ಬಣ್ಣ ಬಳಿದು ಹೊಳೆಯುವಂತೆ ಮಾಡಬೇಕೆ, ಅಥವಾ ಮಾಸಿದ ಬಣ್ಣವನ್ನು ಹಾಗೆಯೇ ಉಳಿಸಬೇಕೆ? ಇದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ. ಇದಕ್ಕೆ ಉತ್ತರಿಸಲು ಇತಿಹಾಸದೊಂದಿಗೆ ಸ್ವಲ್ಪ ಲೋಹವಿಜ್ಞಾನವೂ ಸ್ವಲ್ಪ ರಸಾಯನ ವಿಜ್ಞಾನವೂ ಬೇಕು.

ರೀಗಾದಿಂದ ಖಾರ್ಕಿವ್‌ಗೆ

ಕಥೆ ಆರಂಭವಾಗುವುದು ಸೋವಿಯತ್ ಆಡಳಿತಕ್ಕೂ ಮೊದಲು, ಇಂದಿನ ಲಾಟ್ವಿಯಾದ ರಾಜಧಾನಿ ರೀಗಾದಲ್ಲಿ. ಆಗ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ ಆ ನಗರದಲ್ಲಿ ಅಲೆಕ್ಸಾಂಡರ್ ಲೈಟ್ನರ್ ಎಂಬಾತ 1886ರಲ್ಲಿ ಸೈಕಲ್ ಕಾರ್ಖಾನೆಯೊಂದನ್ನು ಸ್ಥಾಪಿಸಿದ. ಅಲ್ಲಿನ ಸೈಕಲ್ಲುಗಳು 'ರೊಸ್ಸಿಯಾ' ಎಂಬ ಹೆಸರಿನಲ್ಲಿ ಮಾರಾಟವಾದವು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಸಮೀಪಿಸುತ್ತಿದ್ದಂತೆ, 1915ರಲ್ಲಿ, ಈ ಕಾರ್ಖಾನೆಯನ್ನು ಉಕ್ರೇನಿನ ಖಾರ್ಕಿವ್ ನಗರಕ್ಕೆ ಸಾಗಿಸಲಾಯಿತು. ಕ್ರಾಂತಿಯ ನಂತರ ಇದೇ ಖಾರ್ಕಿವ್ ಸೈಕಲ್ ಕಾರ್ಖಾನೆಯಾಗಿ ಬೆಳೆಯಿತು. ರಷ್ಯನ್ ಹೆಸರಿನ ಮೊದಲಕ್ಷರಗಳಿಂದಾಗಿ ಸಂಗ್ರಾಹಕರ ನಡುವೆ ಇದು 'ಖ.ವೆ.ಜ.' ಎಂದೇ ಪರಿಚಿತ.

ಮಾಸ್ಕೋದಲ್ಲಿ ಯೂಲಿ ಮೆಲ್ಲರ್ 1893ರಲ್ಲಿ ಆರಂಭಿಸಿದ 'ದುಕ್ಸ್' ಕಾರ್ಖಾನೆಯ ಕಥೆ ಇನ್ನೊಂದು ಬಗೆಯದು. ಸೈಕಲ್ಲಿನಿಂದ ತೊಡಗಿದ ದುಕ್ಸ್ ಮುಂದೆ ವಿಮಾನಗಳನ್ನೂ ಕಟ್ಟಿತು. 1913ರಲ್ಲಿ ಪ್ಯೋತ್ರ್ ನೆಸ್ತೆರೋವ್ ಕೀವ್ ನಗರದ ಆಕಾಶದಲ್ಲಿ ಜಗತ್ತಿನಲ್ಲೇ ಮೊದಲ ಬಾರಿಗೆ ವಿಮಾನವನ್ನು ಲಂಬ ವೃತ್ತದಲ್ಲಿ ಪೂರ್ಣ ಸುತ್ತು ಹಾರಿಸಿದಾಗ, ಆ ನ್ಯೂಪೋರ್ ವಿಮಾನ ತಯಾರಾದದ್ದು ದುಕ್ಸ್‌ನಲ್ಲಿ. ತೆಳು ಕೊಳವೆಗಳನ್ನು ಹಗುರವಾಗಿಯೂ ಗಟ್ಟಿಯಾಗಿಯೂ ಜೋಡಿಸುವ ವಿದ್ಯೆ ಸೈಕಲ್ಲಿಗೂ ವಿಮಾನಕ್ಕೂ ಸಮಾನವಾಗಿತ್ತು. ಈ ನಂಟು ಮುಂದೆ ಉಕ್ಕಿನ ಆಯ್ಕೆಯಲ್ಲೂ ಕಾಣಿಸಿಕೊಂಡಿತು.

ಎರಡನೆಯ ಮಹಾಯುದ್ಧದಲ್ಲಿ ಖಾರ್ಕಿವ್ 1941ರ ಅಕ್ಟೋಬರಿನಲ್ಲಿ ಜರ್ಮನ್ ಸೇನೆಯ ವಶವಾಯಿತು. 1943ರ ಆಗಸ್ಟಿನಲ್ಲಿ ಕೊನೆಯ ಬಾರಿಗೆ ಬಿಡುಗಡೆಯಾಗುವ ಹೊತ್ತಿಗೆ ನಗರ ಬಹುಪಾಲು ಹಾಳಾಗಿತ್ತು. ಯುದ್ಧದ ನಂತರ ಅಲ್ಲಿನ ಕಾರ್ಖಾನೆ ಮತ್ತೆ ತಲೆಯೆತ್ತಿ 'ಉಕ್ರೈನಾ', 'ಟೂರಿಸ್ಟ್', 'ಸ್ಪುಟ್ನಿಕ್' ಮುಂತಾದ ಸೈಕಲ್ಲುಗಳನ್ನೂ, 'ಸ್ಟಾರ್ಟ್-ಶೊಸ್ಸೆ', 'ಚೆಂಪಿಯೋನ್' ಎಂಬ ಪಂದ್ಯದ ಸೈಕಲ್ಲುಗಳನ್ನೂ ತಯಾರಿಸಿತು. ಬೆಲರೂಸಿನ ಮಿನ್ಸ್ಕ್‌ನಲ್ಲಿ 1947ರಿಂದ, ರಷ್ಯಾದ ಪೆನ್ಜಾದಲ್ಲಿ ಯುದ್ಧಕ್ಕೂ ಮೊದಲಿನಿಂದಲೇ, ಸೈಕಲ್ಲುಗಳು ತಯಾರಾಗುತ್ತಿದ್ದವು. ಒಂದೇ ಮಾದರಿಯನ್ನು ಹೆಚ್ಚಿನ ಬದಲಾವಣೆಯಿಲ್ಲದೆ ಹಲವು ವರ್ಷ ತಯಾರಿಸುವುದು ಇಲ್ಲಿನ ಪದ್ಧತಿ. ಆದ್ದರಿಂದಲೇ ದೂರದಿಂದ ನೋಡಿ ಒಂದು ಫ್ರೇಮಿನ ವಯಸ್ಸು ಹೇಳುವುದು ಕಷ್ಟ.

ಮಾಲಿಬ್ಡಿನಂ ಇಲ್ಲದ ಉಕ್ಕು

ದಿನಬಳಕೆಯ 'ಉಕ್ರೈನಾ' ಸೈಕಲ್ಲಿನ ಫ್ರೇಮು ಕಡಿಮೆ ಇಂಗಾಲದ ಸಾಧಾರಣ ಉಕ್ಕಿನದು. ಇಡೀ ಸೈಕಲ್ಲಿನ ತೂಕ ಸುಮಾರು 17 ಕಿಲೋಗ್ರಾಂ. ಪಂದ್ಯದ ಸೈಕಲ್ಲಿಗೆ ಇದು ಹೊಂದುವುದಿಲ್ಲ. ಪಶ್ಚಿಮ ಯುರೋಪು ಮತ್ತು ಅಮೆರಿಕಗಳಲ್ಲಿ ಇಂಥ ಕಡೆ ಹೆಸರಾದದ್ದು ಕ್ರೋಮಿಯಂ-ಮಾಲಿಬ್ಡಿನಂ ಉಕ್ಕು. ಆದರೆ ಮಾಲಿಬ್ಡಿನಂ ದುಬಾರಿ ಲೋಹ. 1930ರ ದಶಕದಲ್ಲಿ ಸೋವಿಯತ್ ವಿಮಾನ ಸಾಮಗ್ರಿಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮಾಲಿಬ್ಡಿನಂ ಬೇಡದ ಉಕ್ಕೊಂದನ್ನು ವಿಮಾನಗಳಿಗಾಗಿ ರೂಪಿಸಿದರು. ಅದರಲ್ಲಿ ಕ್ರೋಮಿಯಂ, ಮ್ಯಾಂಗನೀಸ್ ಮತ್ತು ಸಿಲಿಕಾನ್ ತಲಾ ಶೇಕಡ 1ರಷ್ಟು ಇರುತ್ತವೆ. ಈ ಮೂರು ಹೆಸರುಗಳನ್ನು ಬೆಸೆದು ಅದನ್ನು 'ಕ್ರೋಮಾನ್‌ಸಿಲ್' ಎಂದು ಕರೆದರು.

ಇದರ ಅಧಿಕೃತ ಗುರುತು '30 ಖ-ಗ-ಸ-ಅ'. ಸೋವಿಯತ್ ಉಕ್ಕಿನ ಹೆಸರುಗಳನ್ನು ಓದುವುದು ಸುಲಭ. ಮೊದಲ ಸಂಖ್ಯೆ ಇಂಗಾಲದ ಪ್ರಮಾಣವನ್ನು ಶೇಕಡದ ನೂರನೆಯ ಭಾಗಗಳಲ್ಲಿ ಹೇಳುತ್ತದೆ. ಅಂದರೆ ಇಲ್ಲಿ ಶೇ. 0.30. 'ಖ' ಎಂದರೆ ಕ್ರೋಮಿಯಂ, 'ಗ' ಎಂದರೆ ಮ್ಯಾಂಗನೀಸ್, 'ಸ' ಎಂದರೆ ಸಿಲಿಕಾನ್. ಕೊನೆಯ 'ಅ' ಉತ್ತಮ ದರ್ಜೆಯ ಸಂಕೇತ. ವಿಮಾನದ ಈ ಉಕ್ಕೇ ಪಂದ್ಯದ ಸೈಕಲ್ಲುಗಳ ಕೊಳವೆಗಳಿಗೂ ಬಂತು.

ಒಳ್ಳೆಯ ಉಕ್ಕಿನ ಫ್ರೇಮು ಹೆಚ್ಚು ಬಿಗಿಯಾಗಿರುತ್ತದೆ, ಬಾಗುವುದಿಲ್ಲ ಎಂದು ಹಲವರು ಭಾವಿಸುತ್ತಾರೆ. ಇದು ತಪ್ಪು. ಸಾಧಾರಣ ಉಕ್ಕಿನದೂ ಮಿಶ್ರ ಉಕ್ಕಿನದೂ ಸ್ಥಿತಿಸ್ಥಾಪಕತ್ವದ ಗುಣಾಂಕ ಹೆಚ್ಚುಕಡಿಮೆ ಒಂದೇ. ಸುಮಾರು 200 ಗಿಗಾಪಾಸ್ಕಲ್. ವ್ಯತ್ಯಾಸವಿರುವುದು ಬಲದಲ್ಲಿ. ಸಾಧಾರಣ ಉಕ್ಕು ಸುಮಾರು 400 ಮೆಗಾಪಾಸ್ಕಲ್ ಎಳೆತವನ್ನು ತಾಳಿದರೆ, ಸರಿಯಾಗಿ ಕಾಯಿಸಿ ಹದಗೊಳಿಸಿದ ಕ್ರೋಮಾನ್‌ಸಿಲ್ 1000 ಮೆಗಾಪಾಸ್ಕಲ್‌ಗೂ ಹೆಚ್ಚು ತಾಳುತ್ತದೆ. ಆದ್ದರಿಂದ ಕೊಳವೆಯ ಗೋಡೆಯನ್ನು ತೆಳ್ಳಗೆ ಮಾಡಬಹುದು. ಗೋಡೆಯ ದಪ್ಪ ಅರ್ಧವಾದರೆ ತೂಕವೂ ಅರ್ಧವಾಗುತ್ತದೆ. ಬಿಗಿತವೂ ಸರಿಸುಮಾರು ಅರ್ಧವಾಗುತ್ತದೆ, ಆದರೆ ಫ್ರೇಮು ಮುರಿಯುವುದಿಲ್ಲ.

ಇದರಿಂದ ದುರಸ್ತಿ ಮಾಡುವವರಿಗೊಂದು ಪಾಠವಿದೆ. ಕೊಳವೆಗಳನ್ನು ಲಗ್ಗುಗಳಲ್ಲಿ ಸೇರಿಸಿ ಹಿತ್ತಾಳೆಯಿಂದ ಬೆಸೆಯುವಾಗ ಉಕ್ಕು ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಅಷ್ಟು ಕಾದಲ್ಲಿ ಮೊದಲಿನ ಹದ ಉಳಿಯುವುದಿಲ್ಲ. ಅನುಭವವಿಲ್ಲದವರು ತೆಳು ಕೊಳವೆಯ ಹಳೆಯ ಫ್ರೇಮಿಗೆ ಮತ್ತೆ ಮತ್ತೆ ಬೆಂಕಿ ಹಿಡಿದರೆ ಬಿರುಕು ಮುಚ್ಚುವ ಬದಲು ಹೊಸ ಬಿರುಕಿಗೆ ದಾರಿ ಮಾಡಿದಂತಾಗುತ್ತದೆ.

ಈ ಪರಂಪರೆಯ ತುದಿಯಲ್ಲಿ ನಿಲ್ಲುವುದು ಖಾರ್ಕಿವ್‌ನ ಕೇಂದ್ರ ಸೈಕಲ್ ವಿನ್ಯಾಸ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದ 'ತಖಿಯೋನ್'. ಗಾಳಿಯ ತಡೆಯನ್ನು ಕಡಿಮೆ ಮಾಡಲು ಅದರ ಮೇಲ್ಕೊಳವೆಯನ್ನು ಮುಂದಕ್ಕೆ ಇಳಿಜಾರಾಗಿಸಿ, ಮುಂಚಕ್ರವನ್ನು ಚಿಕ್ಕದಾಗಿ ಮಾಡಲಾಗಿತ್ತು. 1988ರ ಸೋಲ್ ಒಲಿಂಪಿಕ್ಸ್‌ನ ಟ್ರ್ಯಾಕ್ ಸೈಕಲ್ ಪಂದ್ಯಗಳಲ್ಲಿ ಸೋವಿಯತ್ ತಂಡ ಇದನ್ನು ಬಳಸಿತು. ತಂಡ ಪರ್ಸೂಟ್ ಸ್ಪರ್ಧೆಯ ಚಿನ್ನ ಅವರದಾಯಿತು. ಸಂಗ್ರಾಹಕರು ಇಂದು ಅತಿ ಹೆಚ್ಚು ಆಸೆಪಡುವ ಫ್ರೇಮುಗಳಲ್ಲಿ ಇದೂ ಒಂದು.

ಫ್ರೇಮನ್ನು ಓದುವ ಬಗೆ

ಕೈಗೆ ಸಿಕ್ಕ ಫ್ರೇಮು ಯಾವ ಕಾಲದ್ದು? ಮೊದಲು ನೋಡಬೇಕಾದದ್ದು ಲೋಹದ ಮೇಲೆ ಗುದ್ದಿದ ಸಂಖ್ಯೆ. ದಪ್ಪನೆಯ ಹೊಸ ಬಣ್ಣ ಈ ಸಂಖ್ಯೆಯನ್ನು ಮುಚ್ಚಿಬಿಡುತ್ತದೆ. ಉಜ್ಜುವ ಯಂತ್ರ ಹಿಡಿದರಂತೂ ಅಳಿಸಿಯೇ ಹೋಗುತ್ತದೆ. ಎರಡನೆಯದು ಅಂಟುಚಿತ್ರಗಳು. ಸೋವಿಯತ್ ಸರ್ಕಾರ ಉತ್ತಮ ಗುಣಮಟ್ಟದ ವಸ್ತುಗಳಿಗೆ ಐದು ಮೂಲೆಯ 'ಗುಣಮಟ್ಟದ ಮುದ್ರೆ'ಯನ್ನು ಜಾರಿಗೆ ತಂದದ್ದು 1967ರಲ್ಲಿ. ಕಾರ್ಖಾನೆಯ ಮೂಲ ಅಂಟುಚಿತ್ರದಲ್ಲಿ ಈ ಮುದ್ರೆ ಇದ್ದರೆ ಫ್ರೇಮು 1967ಕ್ಕಿಂತ ಹಿಂದಿನದಲ್ಲ ಎಂದು ಖಚಿತವಾಗಿ ಹೇಳಬಹುದು. ಅಂಟುಚಿತ್ರ ಹರಿದುಹೋಗಿದ್ದರೆ ಈ ಸಾಕ್ಷ್ಯವೂ ಹೋದಂತೆ.

ಮೂರನೆಯದು ಬಣ್ಣ. ಬಿಸಿಲಿಗೆ ಸಿಕ್ಕ ಕಡೆ ಬಣ್ಣ ಮಾಸಿರುತ್ತದೆ. ಮುಂಭಾಗದ ಲೋಹದ ಬಿಲ್ಲೆಯ ಕೆಳಗೆ, ಬಿಗಿಪಟ್ಟಿಗಳ ಅಡಿಯಲ್ಲಿ, ಬಿ.ಬಿ. ಕಪ್ಪಿನ ಅಂಚಿನಲ್ಲಿ ಮೂಲ ಬಣ್ಣ ಹಾಗೆಯೇ ಉಳಿದಿರುತ್ತದೆ. ಹಲವು ಪದರ ಬಣ್ಣ ಬಳಿದ ಫ್ರೇಮಿನಲ್ಲಿ ಒಂದು ಚಿಕ್ಕ ಜಾಗವನ್ನು ನಯವಾದ ಮರಳುಕಾಗದದಿಂದ ಮೆಲ್ಲಗೆ ಉಜ್ಜಿದರೆ ಪದರಗಳು ಉಂಗುರಗಳಂತೆ ಕಾಣುತ್ತವೆ. ಮರದ ಕಾಂಡದ ಉಂಗುರಗಳನ್ನು ಎಣಿಸಿದ ಹಾಗೆಯೇ ಇದು.

ಬಿಡಿಭಾಗಗಳನ್ನು ಹೊಂದಿಸುವಾಗಲೂ ಎಚ್ಚರ ಬೇಕು. 'ಉಕ್ರೈನಾ'ದ ಚಕ್ರವನ್ನೂ ನಮ್ಮ ಊರಿನ ಹಳೆಯ ಕರಿ ಸೈಕಲ್ಲಿನ ಚಕ್ರವನ್ನೂ '28 ಇಂಚು' ಎಂದೇ ಕರೆಯುತ್ತಾರೆ. ಆದರೆ ಟೈರು ಕೂರುವ ಕಡೆ ರಿಮ್ಮಿನ ವ್ಯಾಸ ಮೊದಲನೆಯದರಲ್ಲಿ 622 ಮಿಲಿಮೀಟರ್, ಎರಡನೆಯದರಲ್ಲಿ 635. ಇಂಚಿನ ಹೆಸರು ಒಂದೇ ಆದರೂ ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ.

ತುಕ್ಕಿನೊಂದಿಗೆ ವ್ಯವಹಾರ

ತುಕ್ಕು ತೆಗೆಯಲು ಸಂಗ್ರಾಹಕರು ಹೆಚ್ಚಾಗಿ ಬಳಸುವುದು ಆಕ್ಸಾಲಿಕ್ ಆಮ್ಲದ ದುರ್ಬಲ ದ್ರಾವಣ. ಇದು ಕಬ್ಬಿಣದ ಆಕ್ಸೈಡಿನೊಂದಿಗೆ ಸೇರಿ ನೀರಿನಲ್ಲಿ ಕರಗುವ ಸಂಯುಕ್ತವಾಗುತ್ತದೆ. ಒಳ್ಳೆಯ ಬಣ್ಣಕ್ಕೆ ಹೆಚ್ಚು ಹಾನಿಯಿಲ್ಲದೆ ತುಕ್ಕು ಸಡಿಲವಾಗುತ್ತದೆ. ಆಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಹಚ್ಚಬೇಕು. ತಡಮಾಡಿದರೆ ಕೆಲವೇ ನಿಮಿಷಗಳಲ್ಲಿ ಹೊಸ ತುಕ್ಕು ಮೂಡುತ್ತದೆ. ಆಕ್ಸಾಲಿಕ್ ಆಮ್ಲ ವಿಷಕಾರಿ; ಕೈಗವಸು, ಕನ್ನಡಕಗಳಿಲ್ಲದೆ ಮುಟ್ಟಬಾರದು.

ವಾಷಿಂಗ್ ಸೋಡಾದ ದ್ರಾವಣದಲ್ಲಿ ವಿದ್ಯುತ್ ಹಾಯಿಸಿ ತುಕ್ಕು ಬಿಡಿಸುವ ವಿಧಾನವೂ ಇದೆ. ಇಲ್ಲಿ ಎರಡು ಅಪಾಯಗಳಿವೆ. ಧನಾಗ್ರವಾಗಿ ಸ್ಟೇನ್‌ಲೆಸ್ ಉಕ್ಕನ್ನು ಬಳಸಿದರೆ ವಿಷಕಾರಿ ಕ್ರೋಮಿಯಂ ಸಂಯುಕ್ತಗಳು ದ್ರಾವಣಕ್ಕೆ ಸೇರುತ್ತವೆ. ಸಾಧಾರಣ ಕಬ್ಬಿಣವನ್ನೇ ಬಳಸಬೇಕು. ಫ್ರೇಮಿನ ಮೇಲೆ ಹೈಡ್ರೊಜನ್ ಬಿಡುಗಡೆಯಾಗುತ್ತದೆ. ಅದು ಬೆಂಕಿ ತಗುಲಿದರೆ ಸ್ಫೋಟಿಸುತ್ತದೆ. ಹದಗೊಳಿಸಿದ ಬಲವಾದ ಉಕ್ಕಿನೊಳಕ್ಕೆ ಇಳಿದರೆ ಲೋಹವನ್ನು ಪೆಡಸಾಗಿಸುತ್ತದೆ. ಹೀಗಾಗಿ ಪಂದ್ಯದ ಫ್ರೇಮುಗಳಿಗೆ ಈ ವಿಧಾನ ತಕ್ಕುದಲ್ಲ.

ಸೀಟಿನ ಅಲ್ಯೂಮಿನಿಯಂ ಕಂಬ ಉಕ್ಕಿನ ಕೊಳವೆಯಲ್ಲಿ ಕಚ್ಚಿಕೊಂಡಿರುವುದು ಹಳೆಯ ಪಂದ್ಯದ ಸೈಕಲ್ಲುಗಳ ಸಾಮಾನ್ಯ ಕಾಯಿಲೆ. ಎರಡು ಬೇರೆ ಲೋಹಗಳ ನಡುವೆ ತೇವ ಸೇರಿದಾಗ ಅದು ವಿದ್ಯುತ್ಕೋಶದಂತೆ ವರ್ತಿಸುತ್ತದೆ. ಅಲ್ಯೂಮಿನಿಯಂ ಆಕ್ಸೈಡಾಗಿ ಮಾರ್ಪಟ್ಟು ಹೆಚ್ಚು ಜಾಗ ಆಕ್ರಮಿಸಿ ಬಿಗಿಯಾಗುತ್ತದೆ. ಇದನ್ನು ಬಿಡಿಸಲು ಕಾಯಿಸುವವರಿದ್ದಾರೆ. ಆದರೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎರಡನ್ನೂ ಒಟ್ಟಿಗೆ ಕಾಯಿಸಿದರೆ ಕಂಬ ಇನ್ನಷ್ಟು ಬಿಗಿಯಾಗುತ್ತದೆ, ಬಣ್ಣವೂ ಸುಡುತ್ತದೆ. ತಣ್ಣಗಾಗಿಸಿದಾಗ ಅಲ್ಯೂಮಿನಿಯಂ ಹೆಚ್ಚು ಕುಗ್ಗುವುದರಿಂದ ಹಿಡಿತ ಸಡಿಲವಾಗುತ್ತದೆ. ಶಾಲೆಯ ಪಾಠವೊಂದು ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ!

ಎಲ್ಲಿ ನಿಲ್ಲಬೇಕು?

ಪ್ರಾಚೀನ ಕಟ್ಟಡಗಳ ಸಂರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು, ಊಹೆ ಆರಂಭವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎಂಬ ತತ್ವವನ್ನು ಮುಂದಿಟ್ಟಿತು. ಸೈಕಲ್ ಫ್ರೇಮಿಗೂ ಇದು ಒಪ್ಪುತ್ತದೆ. ತುಕ್ಕು ಲೋಹವನ್ನು ತಿನ್ನುತ್ತಿದ್ದರೆ ಅದನ್ನು ತಡೆಯಲೇಬೇಕು. ಬಿರುಕು ಬಿಟ್ಟ ಫ್ರೇಮನ್ನು ಸವಾರಿಗೆ ಬಳಸಬಾರದು. ಗೋಡೆಗೆ ತೂಗುಹಾಕಿದರೆ ನಷ್ಟವಿಲ್ಲ. ಬಣ್ಣ ಮಾಸಿದೆ, ಅಂಟುಚಿತ್ರ ಅರ್ಧ ಹೋಗಿದೆ ಎಂಬ ಕಾರಣಕ್ಕೆ ಎಲ್ಲವನ್ನೂ ಕೆರೆದು ತೆಗೆಯುವುದು ಮಾತ್ರ ಹಳೆಯ ತಾಳೆಗರಿಯನ್ನು ಅಂದಗಾಣಿಸಲು ಅಕ್ಷರಗಳನ್ನು ಉಜ್ಜಿದಂತೆ. ಹೊಸ ಬಣ್ಣ ಯಾವಾಗ ಬೇಕಾದರೂ ಬಳಿಯಬಹುದು. ಒಮ್ಮೆ ಕೆರೆದ ಮೂಲ ಬಣ್ಣ ಮತ್ತೆ ಬರುವುದಿಲ್ಲ. ಅನಿವಾರ್ಯವಾಗಿ ಕೆರೆಯಬೇಕಾದರೆ ಮೊದಲು ಎಲ್ಲ ಬದಿಗಳ ಛಾಯಾಚಿತ್ರ ತೆಗೆದು, ಸಂಖ್ಯೆ ಬರೆದಿಟ್ಟು, ಅಳತೆಗಳನ್ನು ದಾಖಲಿಸಬೇಕು.

ಈ ಎಚ್ಚರಕ್ಕೆ ಈಗ ಇನ್ನೊಂದು ಕಾರಣ ಕೂಡಿಕೊಂಡಿದೆ. ಒಮ್ಮೆ ಯುದ್ಧದಿಂದ ತಪ್ಪಿಸಿಕೊಂಡು ರೀಗಾದಿಂದ ಖಾರ್ಕಿವ್‌ಗೆ ಬಂದ ಉದ್ಯಮದ ಊರು 2022ರ ಫೆಬ್ರವರಿಯಲ್ಲಿ ರಷ್ಯಾ ಆರಂಭಿಸಿದ ಆಕ್ರಮಣದಲ್ಲಿ ಮತ್ತೆ ಕ್ಷಿಪಣಿ, ಬಾಂಬುಗಳಿಗೆ ಗುರಿಯಾಯಿತು. ಯುದ್ಧದಲ್ಲಿ ಕಟ್ಟಡಗಳು ಉರುಳುತ್ತವೆ, ಕಾಗದಗಳು ಸುಡುತ್ತವೆ, ಕೆಲಸ ಬಲ್ಲವರು ಚದುರಿಹೋಗುತ್ತಾರೆ. ಬೇರೆ ಬೇರೆ ಊರುಗಳ ಗ್ಯಾರೇಜುಗಳಲ್ಲಿ ಉಳಿದ ಫ್ರೇಮುಗಳಲ್ಲಿ ಆ ಕಾರ್ಖಾನೆಯ ಉಕ್ಕು, ಬೆಸುಗೆ, ಬಣ್ಣ, ಸಂಖ್ಯೆಗಳು ಒಟ್ಟಿಗೇ ಇವೆ.

ಈ ಓದುವಿಕೆಯನ್ನು ಕಲಿಯಲು ಖಾರ್ಕಿವ್‌ನ ಫ್ರೇಮೇ ಆಗಬೇಕೆಂದಿಲ್ಲ. ಶಾಲೆಯ ಶೆಡ್ಡಿನಲ್ಲೋ ಮನೆಯ ಹಿತ್ತಿಲಿನಲ್ಲೋ ಬಿದ್ದಿರುವ ಹಳೆಯ ಸೈಕಲ್ಲಿನ ಹಿಂಚಕ್ರವನ್ನು ಬಿಚ್ಚಿ, ಚಕ್ರದ ಅಚ್ಚು ಕೂರುವ ಒಂದು ಬದಿಯ ಕಚ್ಚಿನಿಂದ ದಾರವನ್ನು ಮುಂದಿನ ಕೊಳವೆಯ ಸುತ್ತ ಹಾಯಿಸಿ ಇನ್ನೊಂದು ಬದಿಯ ಕಚ್ಚಿಗೆ ಬಿಗಿಯಾಗಿ ಕಟ್ಟಿ. ಸೀಟಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕಿರುವ ಅಂತರವನ್ನು ಅಳೆಯಿರಿ. ಎರಡೂ ಸಮವಾಗಿದ್ದರೆ ಫ್ರೇಮು ನೇರವಾಗಿದೆ. ಇಲ್ಲದಿದ್ದರೆ ಅದು ಎಂದೋ ಪೆಟ್ಟು ತಿಂದಿರಬಹುದು. ಆಮೇಲೆ ಸಂಖ್ಯೆಯನ್ನು ಹುಡುಕಿ, ಬಿಲ್ಲೆಯ ಅಡಿಯ ಬಣ್ಣವನ್ನು ನೋಡಿ, ಕಂಡದ್ದನ್ನೆಲ್ಲ ಬರೆದಿಡಿ. ಬಣ್ಣದ ಡಬ್ಬಿಯ ಮುಚ್ಚಳ ತೆರೆಯುವುದು ಅದಾದ ಮೇಲಿನ ಕೆಲಸ.