ಭಯದ ಬಟ್ಟಲು ಮತ್ತು ಹಳ್ಳಿಯ ಆರೋಗ್ಯ ಕಾರ್ಯಕರ್ತೆ

ಪ್ಯಾಲೆಸ್ತೀನಿನ ಮನೆಗಳಲ್ಲಿ ಒಂದು ಕಾಲಕ್ಕೆ ಹಿತ್ತಾಳೆಯ ಪುಟ್ಟ ಬಟ್ಟಲೊಂದು ಬಳಕೆಯಲ್ಲಿತ್ತು. ಅರಬ್ಬಿಯಲ್ಲಿ ಅದರ ಹೆಸರು ‘ತಾಸಿತ್ ಅಲ್-ರಜ್ಫೆ’, ಅಂದರೆ ಭಯದ ಬಟ್ಟಲು. ಮೈಮೇಲೆ ಖುರಾನಿನ ಸಾಲುಗಳ ಕೆತ್ತನೆ. ಬೆಚ್ಚಿಬಿದ್ದ ಮಗುವಿಗೆ, ಆಘಾತದಿಂದ ಕಂಗೆಟ್ಟವರಿಗೆ ಅದರಲ್ಲಿ ನೀರು ಕುಡಿಸುತ್ತಿದ್ದರು. 1923ರಲ್ಲಿ ಈ ಬಟ್ಟಲಿನ ಬಗ್ಗೆಯೇ ಒಂದು ಲೇಖನ ಬರೆದ ತೌಫೀಕ್ ಕನಾನ್ ವೃತ್ತಿಯಿಂದ ವೈದ್ಯರು.

ಬೆತ್ಲೆಹೆಮ್ ಪಕ್ಕದ ಬೇತ್ ಜಾಲಾದಲ್ಲಿ 1882ರಲ್ಲಿ ಹುಟ್ಟಿದ ಕನಾನ್ ಬೈರೂತಿನಲ್ಲಿ ವೈದ್ಯಕೀಯ ಓದಿ ಜೆರುಸಲೇಮಿನಲ್ಲಿ ನೆಲೆಸಿದರು. ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ದುಡಿದರು. ರೋಗಿಗಳ ಕೊರಳಲ್ಲಿ, ತೋಳಲ್ಲಿ ಕಂಡ ತಾಯತಗಳ ಬಗ್ಗೆ ಅವರು ವಿಚಾರಿಸುತ್ತಿದ್ದರು: ಯಾರು ಕಟ್ಟಿದ್ದು, ಯಾವ ಕಾಯಿಲೆಗೆ? ಉತ್ತರವನ್ನು ಬರೆದಿಡುತ್ತಿದ್ದರು. ಹೀಗೆ ಕೂಡಿದ ವಸ್ತುಗಳು 1,400ಕ್ಕೂ ಹೆಚ್ಚು. (ನಮ್ಮ ‘ತಾಯತ’ವೂ ಅರಬ್ಬಿಯ ‘ತಅವೀಝ್’ನಿಂದ ಬಂದದ್ದೆನ್ನುತ್ತಾರೆ. ಅಜ್ಜಿ ನನ್ನ ತೋಳಿಗೆ ಕಟ್ಟಿದ್ದ ತಾಯತವನ್ನು ಶಾಲೆಗೆ ಹೋಗುವಾಗ ಅಂಗಿಯೊಳಗೆ ಮುಚ್ಚಿಕೊಳ್ಳುತ್ತಿದ್ದದ್ದು ನೆನಪಾಗುತ್ತದೆ.)

ಕನಾನರನ್ನು ಹೊಗಳಿ ಮುಂದೆ ಹೋಗುವುದು ಸುಲಭ. ಆದರೆ 1914ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ಅವರ ಪುಸ್ತಕದ ಶೀರ್ಷಿಕೆಯಲ್ಲೇ ‘ಮೂಢನಂಬಿಕೆ’ ಎಂಬ ಪದವಿದೆ. ಹಳ್ಳಿಯವರ ನಂಬಿಕೆ ಅವರಿಗೆ ದಾಖಲಿಸಬೇಕಾದ ಸಂಗತಿಯಾಗಿತ್ತೇ ಹೊರತು ಒಪ್ಪಬೇಕಾದದ್ದಲ್ಲ. ಆದರೂ ಮಗುವಿನ ಸಾವಿಗೆ ತಾಯಿಯ ಅಜ್ಞಾನವೇ ಕಾರಣವೆಂದು ಷರಾ ಬರೆಯುವುದು ವಸಾಹತು ಆಡಳಿತಗಳಿಗೆಲ್ಲ ಅಭ್ಯಾಸವಾಗಿದ್ದ ಕಾಲದಲ್ಲಿ, ಆ ತಾಯಿಗೆ ಏನು ಗೊತ್ತಿದೆ ಎಂದು ಕೇಳಿದ ವೈದ್ಯ ಇವರು. ಆರೋಗ್ಯ ಶಿಕ್ಷಣದ ಇತಿಹಾಸವನ್ನು ನಾನು ಈ ಪ್ರಶ್ನೆಯಿಂದ ಶುರುಮಾಡಲು ಇಷ್ಟಪಡುತ್ತೇನೆ.

1948ರ ಯುದ್ಧದಲ್ಲಿ ಮುಸ್ರಾರಾ ಬಡಾವಣೆಯಲ್ಲಿದ್ದ ಕನಾನರ ಮನೆ, ಗ್ರಂಥಾಲಯ ಎರಡೂ ಹೋದವು. ಮೊದಲೇ ಬೇರೆಡೆ ಇಟ್ಟಿದ್ದರಿಂದ ತಾಯತಗಳು ಉಳಿದವು. 1967ರಲ್ಲಿ ಪಶ್ಚಿಮ ದಂಡೆ ಇಸ್ರೇಲಿನ ಸೇನಾಡಳಿತಕ್ಕೆ ಸೇರಿತು. ಅದೇ ವರ್ಷದ ಆಗಸ್ಟಿನ 92ನೇ ಸೇನಾ ಆಜ್ಞೆ ನೀರಿನ ಮೇಲಿನ ಅಧಿಕಾರವನ್ನೆಲ್ಲ ಸೇನೆಯ ಕೈಗೆ ಕೊಟ್ಟಿತು. ಆರೋಗ್ಯದ ಕಥೆಯಲ್ಲಿ ಈ ಆಜ್ಞೆಗೇನು ಕೆಲಸ ಎನ್ನುವುದು ಮುಂದೆ ಗೊತ್ತಾಗುತ್ತದೆ.

1978ರ ಸೆಪ್ಟೆಂಬರಿನಲ್ಲಿ ಅಲ್ಮಾ-ಆಟಾ ಸಮ್ಮೇಳನ ಪ್ರಾಥಮಿಕ ಆರೋಗ್ಯ ಎಲ್ಲರ ಹಕ್ಕು ಎಂದು ಘೋಷಿಸಿತು. ಅದೇ ವರ್ಷ ರಾಮಲ್ಲಾ ಬಳಿಯ ಬಿರ್ಜೇತ್ ವಿಶ್ವವಿದ್ಯಾಲಯದಲ್ಲಿ ಸಮುದಾಯ ಆರೋಗ್ಯ ಘಟಕ ಶುರುವಾಯಿತು. ಕನಾನರ ತಾಯತಗಳೂ ಈಗ ಈ ವಿಶ್ವವಿದ್ಯಾಲಯದಲ್ಲೇ ಇವೆ. 1979ರಲ್ಲಿ ಮುಸ್ತಫಾ ಬರ್ಘೂತಿ ಮತ್ತು ಜೊತೆಗಾರ ವೈದ್ಯರು ವೈದ್ಯಕೀಯ ಪರಿಹಾರ ಸಮಿತಿಗಳನ್ನು ಕಟ್ಟಿ, ಬಿಡುವಿನ ದಿನಗಳಲ್ಲಿ ಹಳ್ಳಿಗಳಿಗೆ ಸಂಚಾರಿ ಚಿಕಿತ್ಸಾಲಯ ಒಯ್ಯತೊಡಗಿದರು.

ಸಂಚಾರಿ ಚಿಕಿತ್ಸಾಲಯದ ತೊಡಕು ಎಲ್ಲ ಕಡೆಯೂ ಒಂದೇ. ಗಾಡಿ ಬರುತ್ತದೆ, ಮಾತ್ರೆ ಕೊಡುತ್ತದೆ, ಸಂಜೆಗೆ ಹೊರಟುಹೋಗುತ್ತದೆ. ರೋಗ ಹಳ್ಳಿಯಲ್ಲೇ ಇರುತ್ತದೆ. ಹಾಗಾಗಿ ಊರಿನದೇ ಹೆಣ್ಣುಮಗಳಿಗೆ ತರಬೇತಿ ಕೊಟ್ಟು ಮನೆ ಮನೆಗೆ ಕಳಿಸುವ ಕ್ರಮ ಬಂತು. ಬಿಳಿ ಕೋಟಿಲ್ಲ, ಇಂಜೆಕ್ಷನ್ನಿಲ್ಲ. ಬಸುರಿಯ ಊಟ, ಕೂಸಿನ ತೂಕ, ಲಸಿಕೆ ಇಂಥವನ್ನು ಮಾತಾಡುವುದೇ ಆಕೆಯ ಕೆಲಸ. ಇಂಜೆಕ್ಷನ್ನನ್ನೇ ವೈದ್ಯವೆಂದು ನಂಬಿದ ಊರಿನಲ್ಲಿ ಹೀಗೆ ಬರಿಗೈಯಲ್ಲಿ ಹೊಸ್ತಿಲು ದಾಟುವುದಕ್ಕೆ ಎಷ್ಟು ಧೈರ್ಯ ಬೇಕೆಂದು ನಮ್ಮ ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಸಾಕು.

ಒಂದು ಉದಾಹರಣೆ. ಎಂಬತ್ತರ ದಶಕದಲ್ಲಿ ಜಗತ್ತಿನಾದ್ಯಂತ ತಾಯಂದಿರಿಗೆ ಕಲಿಸಿದ ಪಾಠವೊಂದಿತ್ತು: ಮಗುವಿಗೆ ಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿದ್ದ ಬನಗಾಂವ್ ಶಿಬಿರದಲ್ಲಿ ದಿಲೀಪ್ ಮಹಲನಬೀಸ್ ಇಂಥದೇ ದ್ರಾವಣದಿಂದ ಕಾಲರಾ ರೋಗಿಗಳನ್ನು ಉಳಿಸಿದ್ದರು. ಪಾಠ ಸರಳವೇ, ಆದರೆ ಶುದ್ಧ ನೀರು ಎಲ್ಲಿದೆ? ಪಶ್ಚಿಮ ದಂಡೆಯ ಅನೇಕ ಹಳ್ಳಿಗಳು ನೆಲದಡಿಯ ತೊಟ್ಟಿಯ ಮಳೆನೀರನ್ನೇ ನೆಚ್ಚಿದ್ದವು. ಹೊಸ ಬಾವಿ ತೋಡಲು ಸೇನೆಯ ಪರವಾನಗಿ ಬೇಕು. ಅಂಥಲ್ಲಿ ‘ಕೈ ತೊಳೆದುಕೊಳ್ಳಿ’ ಎನ್ನುವ ಪಾಠ ಬಾಯಿಗೆ ಬರುವ ಮೊದಲೇ ರಾಜಕೀಯವಾಗುತ್ತದೆ. ಬಿರ್ಜೇತ್ ಘಟಕದ ರೀಟಾ ಜಕಮಾನ್ ಮೂರು ಹಳ್ಳಿಗಳ ಬದುಕು ಮತ್ತು ಆರೋಗ್ಯದ ಬಗ್ಗೆ 1988ರಲ್ಲಿ ಪ್ರಕಟಿಸಿದ ಅಧ್ಯಯನ ರೋಗವನ್ನು ಮನೆಯ ವರಮಾನ, ಹೆಂಗಸಿನ ಸ್ಥಾನಮಾನ, ಸುತ್ತಲಿನ ಪರಿಸರಗಳ ಜೊತೆಗಿಟ್ಟು ನೋಡಿತು. ತಾಯಿಗೆ ಏನು ಗೊತ್ತಿಲ್ಲ ಎಂಬುದರ ಜೊತೆಗೆ ಆಕೆಯ ಬಳಿ ಏನಿಲ್ಲ ಎಂಬ ಪ್ರಶ್ನೆಯೂ ಸೇರಿಕೊಂಡಿತು.

ಆ ಪುಸ್ತಕ ಬರುವ ಹೊತ್ತಿಗೆ ಇಂತಿಫಾದಾ ಶುರುವಾಗಿತ್ತು. 1987ರ ಡಿಸೆಂಬರಿನಿಂದ ಮುಂದೆ ಕರ್ಫ್ಯೂ, ಮುಚ್ಚಿದ ಶಾಲೆ, ಗುಂಡೇಟು. ಸಮಿತಿಗಳು ಪ್ರಥಮ ಚಿಕಿತ್ಸೆಯ ತರಗತಿಗಳನ್ನು ಊರೂರಿಗೆ ಒಯ್ದವು. ಜನರ ರಕ್ತದ ಗುಂಪು ಪರೀಕ್ಷಿಸಿ ದಾನಿಗಳ ಪಟ್ಟಿ ಮಾಡಿಟ್ಟವು. ಗಾಯಕ್ಕೆ ಬಟ್ಟೆ ಕಟ್ಟುವುದನ್ನು ಕೆಲವು ಗಂಟೆಗಳಲ್ಲಿ ಕಲಿಸಬಹುದು. ಆದರೆ ಕರ್ಫ್ಯೂವಿನ ರಾತ್ರಿ ಯಾವ ಮನೆಯಲ್ಲಿ ದಿನ ತುಂಬಿದ ಬಸುರಿಯಿದ್ದಾಳೆ, ಯಾವ ಮನೆಯ ಕೂಸು ಸೊರಗಿದೆ ಎಂಬುದು ವರ್ಷಗಟ್ಟಲೆ ಆ ಹೊಸ್ತಿಲುಗಳನ್ನು ದಾಟಿದ್ದವಳಿಗೆ ಮಾತ್ರ ಗೊತ್ತಿದ್ದಿರಬೇಕು.